ಮೂರನೆಯ ಊಟದ ಮೀನು

ಬೋಟುಗಳೆಲ್ಲ ಬೈತಖೋಲಿನಲ್ಲಿ ಹಗ್ಗ ಕಟ್ಟಿಸಿಕೊಂಡು ಕೂತ
ಜೂನಿನ ಒಂದು ಶನಿವಾರ
ಕೋಡಿಬಾಗದ ಶಾಲೆಯಲ್ಲಿ ಸಿನೆಮಾ ಹಾಕಿದೆವು.
ಪರದೆಯೆಂದರೆ ಇನಾಸ ಟೈಲರ್ ಹೊಲಿದುಕೊಟ್ಟ
ಎರಡು ಬೆಡ್‌ಶೀಟು, ನಡುವೆ ಒಂದು ಹೊಲಿಗೆ.
ಕಾಳಿಯ ಗಾಳಿ ಕಿಟಕಿಯಿಂದ ನುಗ್ಗಿದಾಗೆಲ್ಲ
ಇಂಗ್ಲೆಂಡಿನ ಅರಮನೆ ಹಾಯಿಯಂತೆ ಉಬ್ಬಿ
ಡಚೆಸ್ಸಿನ ಮೂಗು ಹೊಲಿಗೆ ದಾಟಿ
ಆಚೆ ಹೋಗಿ ಈಚೆ ಬರುತ್ತಿತ್ತು.

ನನ್ನ ಕೆಲಸ ಪಿಸುಗುಡುವುದು.
ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು
ಓದಲು ಬಾರದವರ ಕಿವಿಗೆ ಕನ್ನಡ ಮಾಡಿ ಹಾಕುವುದು.
ಎಡಕ್ಕೆ ಕೂತವಳು ರುಕ್ಮಾ ತಾಂಡೇಲ,
ಕಾಲ ಬಳಿ ಖಾಲಿ ಬುಟ್ಟಿ, ಅಭ್ಯಾಸಬಲದಿಂದ ತಂದದ್ದು.

ಡ್ಯೂಕ್ ಇಸ್ಪೀಟಿನಲ್ಲಿ ಮೊದಲು ಕುದುರೆ ಸೋತ,
ಆಮೇಲೆ ಕೆರೆಯಿದ್ದ ತೋಟ,
ಆಮೇಲೆ, ನಗುತ್ತಲೇ, ತಮ್ಮನ ಹೆಂಡತಿಯ ಓಲೆ.
ನಾಯಿಮರಿಗೆ ಬೆಳ್ಳಿ ಚಮಚದಲ್ಲಿ ಕೆನೆ.
ಡಚೆಸ್ ಸೋಫಾಕ್ಕೊರಗಿ, ಬೀಸಣಿಗೆ ಮಡಚಿ
ಏನೋ ಅಂದಳು. ಪದ ಸಿಗಲಿಲ್ಲ ನನಗೆ.
'ಬೇಸರವಂತೆ' ಅಂದೆ.
'ಅಯ್ಯೋ, ಯಾರು ಹೋದರು?'
'ಯಾರೂ ಹೋಗಿಲ್ಲ. ಮಾಡಲು ಕೆಲಸವಿಲ್ಲ.'
ರುಕ್ಮಾ ತುಸು ಹೊತ್ತು ಆ ಬಿಳಿ ಕೈಗಳನ್ನೇ ನೋಡಿ
'ಅಲ್ಲೂ ಬಂದರು ಬಂದ್ ಮಾಡಿದ್ದಾರಾ?' ಕೇಳಿದಳು,
'ಎಷ್ಟು ದಿವಸ?'

ಮುನ್ನೂರು ವರ್ಷ ಅನ್ನಬೇಕೆನಿಸಿತು. ಅನ್ನಲಿಲ್ಲ.
ಅಷ್ಟರಲ್ಲಿ ಇಬ್ಬರು ಗಂಡಸರು ಒಂದು ಕೈಗವಸಿಗಾಗಿ
ಬೆಳಗಿನ ಮಂಜಿನಲ್ಲಿ ಪಿಸ್ತೂಲು ಎತ್ತಿದ್ದರು.
ಕರೆಂಟು ಹೋಯಿತು.
ಗುಂಡು ಅಲ್ಲೇ ಉಳಿಯಿತು, ಇಪ್ಪತ್ತು ನಿಮಿಷ;
ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ವಾಸನೆ.
ಹಿಂದಿನ ಬೆಂಚಿನ ಬೋಟಿನ ಹುಡುಗರು
ಯಾರು ಸಾಯುತ್ತಾನೆಂದು
ಹತ್ತು ಹತ್ತು ರೂಪಾಯಿ ಪಣ ಕಟ್ಟಿದರು.
ನಾನೂ ಕಟ್ಟಿದೆ. ಸೋತೆ.

ಮುಗಿದ ಮೇಲೆ ಚಹಾ ಬಂತು, ಜೊತೆಗೆ ಜಗಳ.
ಕಸ್ಟಮ್ಸಿನ ಬಾಂದೇಕರರಿಗೆ ನಿವೃತ್ತಿಯ ನಂತರವೂ ತಪಾಸಣೆ:
ಆ ಮೇಜಿನ ಬೆಳ್ಳಿ ಕುಪ್ಪಿಯಲ್ಲಿದ್ದದ್ದು ಯಾರ ಮೆಣಸು?
ಇದೇ ದಂಡೆಯಲ್ಲಿ ಹಡಗು ಹತ್ತಿದ್ದು!
'ಮೆಣಸಲ್ಲ ಮಾರಾಯ್ರೇ, ಬಣ್ಣ ಹಚ್ಚಿದ ರವೆ'
ಅಂದ ಇನಾಸನದು ಬೇರೆಯೇ ಚಿಂತೆ:
ಅಂಥ ಲಂಗಕ್ಕೆ ಹದಿನೆಂಟು ಮೀಟರ್ ಬಟ್ಟೆ,
ಬೆನ್ನಿಗೆ ಮೂವತ್ತು ಗುಂಡಿ,
ಉಟ್ಟವಳ ಕೈಗೇ ಎಟುಕದ ಗುಂಡಿ.
ಹೊಲಿದವನ ಬೆರಳನ್ನಾದರೂ ಒಮ್ಮೆ ತೋರಿಸಬಾರದಿತ್ತೇ?
ಮುಬೀನಾ ದುಪಟ್ಟಾದಲ್ಲಿ ಕಣ್ಣೊರೆಸುತ್ತಿದ್ದಳು.
ಅವಳಿಗೆ ಎಲ್ಲವೂ ಇಷ್ಟ, ಮೇಣದಬತ್ತಿ, ಕಾಗದಗಳು,
ಸಾಯುವ ಹಿಂದಿನ ರಾತ್ರಿ ಆ ಹುಡುಗ ಕುಣಿದ ರೀತಿ.
'ಕೆಟ್ಟವರು, ಗೊತ್ತು. ಆದರೆ ಎಷ್ಟು ಚಂದ ಕೆಟ್ಟಿದ್ದಾರೆ!'

ಕೆಟ್ಟಿದ್ದಾರೆ ಎಂಬ ಮಾತಿಗೆ ರುಕ್ಮಾ ಲೋಟ ಕೆಳಗಿಟ್ಟಳು.
'ಮೀನು' ಅಂದಳು.
ಯಾವ ಮೀನು?
'ತಟ್ಟೆಯಲ್ಲಿ ಉದ್ದಕ್ಕೆ ಮಲಗಿಸಿದ್ದು. ರಾವಸನ ಜಾತಿ.
ಮೊದಲ ಊಟದಲ್ಲಿ ಕಣ್ಣು ಗಾಜು.
ಎರಡನೆಯದರಲ್ಲಿ ಗುಳಿ.
ಮೂರನೆಯದರಲ್ಲಿ ಹಾಲು.
ಒಂದೇ ಮೀನು, ಮೂರು ಊಟ, ಒಬ್ಬರೂ ಮುಟ್ಟಿಲ್ಲ.
ಗೋಡೆಗೆ ನಿಂತ ಆಳು ಹುಡುಗ ಉಸಿರು ಬಿಗಿಹಿಡಿದದ್ದು
ನೀವು ಯಾರೂ ನೋಡಲಿಲ್ಲವಾ?'

ಬಾಂದೇಕರರು ಶೂಟಿಂಗ್ ಎಂದರೇನೆಂದು ವಿವರಿಸಹೊರಟರು.
ಅವಳು ಬುಟ್ಟಿ ಎತ್ತಿಕೊಂಡು ಮಳೆಗಿಳಿದಳು.

ರಾತ್ರಿ ಒಬ್ಬಳೇ ಹಿಂದಕ್ಕೆ ಓಡಿಸಿ ನೋಡಿದೆ.
ಡಚೆಸ್ ನಗುತ್ತಾಳೆ, ಕೊರಳ ಮುತ್ತು ನಡುಗುತ್ತವೆ.
ನಿಲ್ಲಿಸಿದೆ.
ಅವಳ ಮೊಣಕೈಯ ಹಿಂದೆ ಬಿಳಿ ವಿಗ್ಗಿನ ಹುಡುಗ,
ಹೆಸರಿಲ್ಲ, ಮಾತಿಲ್ಲ,
ಮೂಗಿನ ಹೊಳ್ಳೆ ಮುಚ್ಚಿರುವುದು ನಿಜ.
ಅಷ್ಟು ದೊಡ್ಡ ಮನೆಯಲ್ಲಿ ಅವನೊಬ್ಬನೇ ನಟಿಸುತ್ತಿರಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಇಳಿದವು.
ಮಾರ್ಕೆಟ್ಟಿನಲ್ಲಿ ರುಕ್ಮಾ ಬಂಗಡೆಯ ಕಿವಿರು ಎತ್ತಿ
ಹೆಬ್ಬೆರಳಿನಿಂದ ಕೆಂಪು ತೋರಿಸಿದಳು.
ನಾನು ಚೌಕಾಶಿಗೆ ಬಾಯಿ ತೆರೆದೆ.
'ಸುಮ್ಮನೆ ತಕೋ' ಅಂದಳು,
'ಇದಕ್ಕಿನ್ನೂ ಬೇಸರ ಬಂದಿಲ್ಲ.'